ಹುಬ್ಬಳ್ಳಿ ಏರಿದಾಗ ಬೆಳಗಾವಿ ಇಳಿದದ್ದೇಕೆ?

ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಪ್ರತಿ ತಿಂಗಳೂ ಒಂದು ಉದ್ದನೆಯ ಕೋಷ್ಟಕ ಹೊರಡಿಸುತ್ತದೆ. ದೇಶದ ನಿಲ್ದಾಣಗಳ ಹೆಸರು ಒಂದರ ಕೆಳಗೊಂದು. ಪಕ್ಕದಲ್ಲಿ ಆ ತಿಂಗಳ ಪ್ರಯಾಣಿಕರ ಸಂಖ್ಯೆ, ಹಿಂದಿನ ವರ್ಷ ಅದೇ ತಿಂಗಳಲ್ಲಿದ್ದ ಸಂಖ್ಯೆ, ಏರಿಳಿತದ ಶೇಕಡಾವಾರು, ಅದರಾಚೆ ಏಪ್ರಿಲ್‌ನಿಂದ ಈಚಿನ ಒಟ್ಟು ಲೆಕ್ಕ. ದೊಡ್ಡ ನಗರಗಳ ಸಾಲುಗಳಲ್ಲಿ ಶೇಕಡಾವಾರು ಸಾಮಾನ್ಯವಾಗಿ ಹದ್ದು ಮೀರುವುದಿಲ್ಲ. ಸಣ್ಣ ಊರುಗಳ ಸಾಲಿಗೆ ಬಂದರೆ ಮಾತೇ ಬೇರೆ. ಒಂದು ನಿಲ್ದಾಣ ಒಮ್ಮೆಲೇ ಇಮ್ಮಡಿಯಾಗಿರುತ್ತದೆ, ಇನ್ನೊಂದು ಮುಕ್ಕಾಲು ಪಾಲು ಕುಸಿದಿರುತ್ತದೆ, ಮತ್ತೊಂದರ ಮುಂದೆ ಬರೀ ಸೊನ್ನೆ. ಮರುದಿನ ಜಿಲ್ಲಾ ಪುಟದಲ್ಲಿ ‘ದಾಖಲೆ’ ಅಥವಾ ‘ನಿರಾಸೆ’ ಎಂಬ ತಲೆಬರಹ ಬರುತ್ತದೆ. ಊರಿನವರು ವಿಮಾನ ಹತ್ತುತ್ತಿಲ್ಲ ಎಂದು ಒಬ್ಬರು, ನಮ್ಮ ಊರಿಗೆ ಅನ್ಯಾಯವಾಗಿದೆ ಎಂದು ಇನ್ನೊಬ್ಬರು ವಾದಕ್ಕಿಳಿಯುತ್ತಾರೆ.

ಆ ಅಂಕಿ ಊರಿನ ಬೇಡಿಕೆಯ ಬಗ್ಗೆ ಹೇಳುವುದು ಕಡಿಮೆ. ಯಾವ ವಿಮಾನ ಕಂಪನಿ, ಎಷ್ಟು ಆಸನದ ವಿಮಾನವನ್ನು, ವಾರಕ್ಕೆ ಎಷ್ಟು ದಿನ ಅಲ್ಲಿಗೆ ಕಳಿಸಿತು ಎಂಬುದನ್ನೇ ಅದು ಹೆಚ್ಚಾಗಿ ಹೇಳುತ್ತದೆ. ಇದು ಹೇಗಾಯಿತು ಎಂಬುದಕ್ಕೆ ನಲವತ್ತು ವರ್ಷ ಮೀರಿದ ಚರಿತ್ರೆಯಿದೆ.

ಮೊದಲು ಎಣಿಕೆಯ ವಿಚಾರ. ನಿಲ್ದಾಣದ ಲೆಕ್ಕದಲ್ಲಿ ಬಂದಿಳಿದವರೂ ಹತ್ತಿ ಹೋದವರೂ ಸೇರುತ್ತಾರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಮರಳಿದ ಒಬ್ಬ ವ್ಯಾಪಾರಿ ಹುಬ್ಬಳ್ಳಿಯ ಲೆಕ್ಕದಲ್ಲಿ ಎರಡು, ಬೆಂಗಳೂರಿನ ಲೆಕ್ಕದಲ್ಲಿ ಮತ್ತೆ ಎರಡು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರಕಟಿಸುವ ತಿಂಗಳ ಅಂಕಿಯ ಬಗೆ ಬೇರೆ. ಅದು ವಿಮಾನ ಕಂಪನಿಗಳು ಸಾಗಿಸಿದ ಪ್ರಯಾಣಿಕರ ಎಣಿಕೆ, ಒಂದು ಹಾರಾಟಕ್ಕೆ ಒಬ್ಬರು ಒಂದೇ ಬಾರಿ. ಹೀಗಾಗಿ 2023ರಲ್ಲಿ ದೇಶದೊಳಗೆ ಹಾರಿದವರು ಸುಮಾರು 15.2 ಕೋಟಿ ಎಂದು ಡಿಜಿಸಿಎ ಹೇಳಿದರೆ, 2023-24ರಲ್ಲಿ ನಿಲ್ದಾಣಗಳ ದೇಶೀಯ ಪ್ರಯಾಣಿಕರು 30 ಕೋಟಿ ದಾಟಿದರು ಎಂದು ಪ್ರಾಧಿಕಾರ ಹೇಳುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದು ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ‘ಎರಡು ಪಟ್ಟು ಬೆಳವಣಿಗೆ’ ಎಂದು ಭಾಷಣ ಮಾಡುವವರ ಬಗ್ಗೆ ಮಾತ್ರ ಎಚ್ಚರ ಬೇಕು.

ಇನ್ನು ಗುಣಾಕಾರ. ಇಂಡಿಗೋದ ಎಟಿಆರ್-72 ವಿಮಾನದಲ್ಲಿ 78 ಆಸನ. ದಿನಕ್ಕೊಮ್ಮೆ ಬಂದು ಹೋದರೆ, ನೂರಕ್ಕೆ ಎಂಬತ್ತು ಆಸನ ತುಂಬಿದರೆ, ಮೂವತ್ತು ದಿನದ ತಿಂಗಳಲ್ಲಿ ಸುಮಾರು 3,700 ಪ್ರಯಾಣಿಕರು. ಅದೇ ಜಾಗಕ್ಕೆ 186 ಆಸನದ ಏರ್‌ಬಸ್ ಎ-320 ಬಂದರೆ ಸುಮಾರು 8,900. ದಿನಕ್ಕೆ ಒಂದೇ ಎಟಿಆರ್ ಬರುವ ನಿಲ್ದಾಣಕ್ಕೆ ಇನ್ನೊಂದು ಸೇರಿದರೆ ಅಂಕಿ ಶೇ 100ರಷ್ಟು ಏರುತ್ತದೆ, ಇದ್ದದ್ದೂ ನಿಂತರೆ ಸೊನ್ನೆಯಾಗುತ್ತದೆ. ಆ ತಿಂಗಳು ಊರಿನ ಜನರ ಆದಾಯವಾಗಲಿ ಪ್ರಯಾಣದ ಆಸೆಯಾಗಲಿ ಒಂದಿಷ್ಟೂ ಬದಲಾಗಿರುವುದಿಲ್ಲ.

ಸಣ್ಣ ಊರುಗಳಿಗೆ ವಿಮಾನ ಕಳಿಸುವ ಮೊದಲ ದೊಡ್ಡ ಪ್ರಯತ್ನ 1981ರ ವಾಯುದೂತ. 1953ರ ರಾಷ್ಟ್ರೀಕರಣದ ನಂತರ ದೇಶದೊಳಗಿನ ಹಾರಾಟವೆಲ್ಲ ಇಂಡಿಯನ್ ಏರ್‌ಲೈನ್ಸ್‌ನ ಕೈಯಲ್ಲಿತ್ತು. ಅದರ ವಿಮಾನಗಳು ಸಣ್ಣ ರನ್‌ವೇಗಳಿಗೆ ದೊಡ್ಡವಾದವು. ಹಾಗಾಗಿ ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಸೇರಿ ವಾಯುದೂತವನ್ನು ಹುಟ್ಟುಹಾಕಿದವು. ಡಾರ್ನಿಯರ್-228ರಂಥ ಪುಟ್ಟ ವಿಮಾನಗಳು ರೈಲಿನ ದಾರಿಯೂ ಸರಿಯಾಗಿಲ್ಲದ ಊರುಗಳನ್ನು ಮುಟ್ಟಿದವು. ನಷ್ಟ ಏರುತ್ತಲೇ ಹೋಯಿತು. 1993ರಲ್ಲಿ ವಾಯುದೂತ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿಹೋಯಿತು.

1994ರಲ್ಲಿ ಸರ್ಕಾರಿ ಏಕಸ್ವಾಮ್ಯ ಮುಗಿದು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಅವು ಲಾಭದ ಮಾರ್ಗಗಳನ್ನಷ್ಟೇ ಹಿಡಿದುಕೊಳ್ಳಬಾರದು ಎಂದು ಅದೇ ವರ್ಷ ಮಾರ್ಗ ಹಂಚಿಕೆಯ ನಿಯಮವೂ ಬಂತು. ಮಹಾನಗರಗಳ ನಡುವಿನ ಮೊದಲ ವರ್ಗದಲ್ಲಿ ಎಷ್ಟು ಹಾರುತ್ತೀರೋ ಅದರ ಶೇ 10ರಷ್ಟನ್ನು ಈಶಾನ್ಯ, ಜಮ್ಮು-ಕಾಶ್ಮೀರ, ದ್ವೀಪಗಳಂಥ ಎರಡನೆಯ ವರ್ಗದಲ್ಲಿ ಹಾರಲೇಬೇಕು, ಉಳಿದೆಲ್ಲ ಮಾರ್ಗಗಳ ಮೂರನೆಯ ವರ್ಗದಲ್ಲಿ ಶೇ 50ರಷ್ಟು ಎಂಬುದು ಅದರ ತಿರುಳು. ಹುಬ್ಬಳ್ಳಿ, ಬೆಳಗಾವಿ, ಮೈಸೂರು ಬಿದ್ದದ್ದು ಈ ಮೂರನೆಯ ವರ್ಗಕ್ಕೆ. ಮಧ್ಯಮ ಗಾತ್ರದ ಬೇರೆ ನಗರಗಳ ನಡುವೆ ಹಾರಿಯೇ ಆ ಪಾಲನ್ನು ತುಂಬಿಸಿಕೊಳ್ಳಲು ಅವಕಾಶವಿದ್ದದ್ದರಿಂದ ನಮ್ಮ ಊರುಗಳಿಗೆ ಅದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ.

2003ರಲ್ಲಿ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿದರು. ಎಟಿಆರ್ ವಿಮಾನ, ಊಟ-ಉಪಚಾರ ಇಲ್ಲದ ಅಗ್ಗದ ಟಿಕೆಟ್, ಅಲ್ಲಿಯವರೆಗೆ ಯಾರೂ ತಿರುಗಿ ನೋಡದ ನಿಲ್ದಾಣಗಳು. ಸರ್ಕಾರದ ಒತ್ತಾಯವಿಲ್ಲದೆ ಸಣ್ಣ ಊರನ್ನು ಮಾರುಕಟ್ಟೆ ಎಂದು ನೋಡಿದ ಮೊದಲ ಕಂಪನಿ ಅದು ಎಂದರೆ ಹೆಚ್ಚಾಗದು. ಆದರೆ ನಾಲ್ಕೈದು ವರ್ಷದಲ್ಲೇ ಅದು ಕಿಂಗ್‌ಫಿಷರ್‌ನ ಪಾಲಾಯಿತು, 2012ರಲ್ಲಿ ಕಿಂಗ್‌ಫಿಷರೇ ನಿಂತುಹೋಯಿತು. ಮೈಸೂರಿನ ಮಂಡಕಳ್ಳಿಯಲ್ಲಿ 2010ರ ಅಕ್ಟೋಬರ್‌ನಲ್ಲಿ ಹೊಸ ಟರ್ಮಿನಲ್‌ನಿಂದ ಸೇವೆ ಶುರು ಮಾಡಿದ್ದೂ ಕಿಂಗ್‌ಫಿಷರೇ. ಒಂದು ವರ್ಷದ ಆಸುಪಾಸಿನಲ್ಲಿ ಅದು ಕಾಲ್ತೆಗೆಯಿತು. ನಂತರ ಸ್ಪೈಸ್‌ಜೆಟ್ ಬಂದು ಹೋಯಿತು. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಎಟಿಆರ್‌ಗೆ ಸಾಕು, ತುಂಬಿದ ಏರ್‌ಬಸ್‌ಗೆ ಸಾಲದು. ಹೀಗಾಗಿ ದೇಶದಲ್ಲಿ ಎಟಿಆರ್ ಇಟ್ಟುಕೊಂಡಿರುವ ಬೆರಳೆಣಿಕೆಯ ಕಂಪನಿಗಳ ಮರ್ಜಿಯೇ ಮೈಸೂರಿನ ತಿಂಗಳ ಲೆಕ್ಕವನ್ನು ನಿರ್ಧರಿಸುತ್ತ ಬಂದಿದೆ.

ಈಗಿನ ಏರಿಳಿತಗಳ ನೇರ ಮೂಲ ಮಾತ್ರ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ. 2016ರಲ್ಲಿ ರೂಪುಗೊಂಡ ಈ ಯೋಜನೆಯ ಮೊದಲ ವಿಮಾನ ಶಿಮ್ಲಾದಿಂದ ದೆಹಲಿಗೆ ಹಾರಿದ್ದು 2017ರ ಏಪ್ರಿಲ್ 27ರಂದು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ನಿಗದಿತ ಆಸನಗಳಲ್ಲಿ 2,500 ರೂಪಾಯಿಯ ಮಿತಿ ಎಂಬುದು ಜನರ ಬಾಯಲ್ಲಿ ಉಳಿದ ಅಂಶ. ಕಂಪನಿಗಳಿಗೆ ಮುಖ್ಯವಾದದ್ದು ಬೇರೆ. ಅಗ್ಗದ ಟಿಕೆಟ್‌ನಿಂದಾಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಆ ಅವಧಿಯಲ್ಲಿ ಆ ಮಾರ್ಗದಲ್ಲಿ ಬೇರೊಬ್ಬರು ಪೈಪೋಟಿಗೆ ಬರುವಂತಿಲ್ಲ. ಪ್ರಾಧಿಕಾರ ಇಳಿಯುವ ಮತ್ತು ನಿಲ್ಲಿಸುವ ಶುಲ್ಕ ಕೇಳುವುದಿಲ್ಲ. ಇಂಧನದ ಮೇಲೆ ರಾಜ್ಯದ ತೆರಿಗೆ ಶೇ 1ಕ್ಕೆ ಇಳಿಯುತ್ತದೆ. ಇದಕ್ಕೆ ಬೇಕಾದ ಹಣದ ಬಹುಪಾಲು ಬರುವುದು ಮುಖ್ಯ ಮಾರ್ಗಗಳಲ್ಲಿ ಹಾರುವ ಪ್ರತಿ ವಿಮಾನದ ಮೇಲಿನ ಸುಂಕದಿಂದ. ಅಂದರೆ ಕೊನೆಗೆ ದೊಡ್ಡ ಮಾರ್ಗದ ಪ್ರಯಾಣಿಕನ ಜೇಬಿನಿಂದಲೇ.

ಹುಬ್ಬಳ್ಳಿ-ಬೆಳಗಾವಿ ಪ್ರಕರಣವನ್ನು ನೋಡಿದರೆ ಇದರ ಪರಿಣಾಮ ಕಣ್ಣಿಗೆ ಕಟ್ಟುತ್ತದೆ. ಎರಡು ಊರುಗಳ ನಡುವೆ ರಸ್ತೆಯಲ್ಲಿ ನೂರು ಕಿಲೋಮೀಟರ್ ಚಿಲ್ಲರೆ. ಎರಡಕ್ಕೂ 2017ರಲ್ಲಿ ಹೊಸ ಟರ್ಮಿನಲ್ ಬಂತು: ಬೆಳಗಾವಿಯ ಸಾಂಬ್ರಾಕ್ಕೆ ಸೆಪ್ಟೆಂಬರ್‌ನಲ್ಲಿ, ಹುಬ್ಬಳ್ಳಿಗೆ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಸ್ಪೈಸ್‌ಜೆಟ್ ಬೆಳಗಾವಿಯಿಂದ ಹಾರುತ್ತಿತ್ತು. 2018ರ ಜನವರಿಯಲ್ಲಿ, ಯಾವ ಮಾರ್ಗ ಯಾವ ಕಂಪನಿಗೆ ಎಂದು ಹಂಚುವ ಉಡಾನ್‌ನ ಎರಡನೆಯ ಸುತ್ತಿನ ಪಟ್ಟಿ ಬಂದಾಗ ಅದರಲ್ಲಿ ಹುಬ್ಬಳ್ಳಿಯ ಹೆಸರಿತ್ತು, ಬೆಳಗಾವಿಯದ್ದು ಇರಲಿಲ್ಲ. ಅದೇ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಗಂಟುಮೂಟೆ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಯಿತು. ಜುಲೈನಲ್ಲಿ ಇಂಡಿಗೋ ಕೂಡ ಹುಬ್ಬಳ್ಳಿಗೆ ಬಂತು. 2018-19ರಲ್ಲಿ ಹುಬ್ಬಳ್ಳಿಯ ಪ್ರಯಾಣಿಕರ ಸಂಖ್ಯೆ ಹಲವು ಪಟ್ಟು ಏರಿ ನಾಲ್ಕು ಲಕ್ಷ ದಾಟಿತು. ಬೆಳಗಾವಿ ಬಡವಾಯಿತು.

ಬೆಳಗಾವಿಯ ಸಕ್ಕರೆ ಕಾರ್ಖಾನೆಗಳು, ಫೌಂಡ್ರಿಗಳು, ಸೇನೆಯ ನೆಲೆ ಯಾವುವೂ ಆ ಮೇ ತಿಂಗಳಲ್ಲಿ ಎಲ್ಲಿಗೂ ಹೋಗಲಿಲ್ಲ. ವಿಮಾನ ಹತ್ತುವವರು ಅಲ್ಲೇ ಇದ್ದರು. ಅವರಲ್ಲಿ ಹಲವರು ಕಾರು ಹತ್ತಿ ಹುಬ್ಬಳ್ಳಿಗೋ ಗೋವಾಕ್ಕೋ ಹೋದರು, ಆ ಊರುಗಳ ಲೆಕ್ಕಕ್ಕೆ ಸೇರಿದರು. ಕೋಷ್ಟಕದಲ್ಲಿ ಮಾತ್ರ ಬೆಳಗಾವಿಗೆ ವಿಮಾನವೇ ಬೇಡವಾದಂತೆ ಕಂಡಿತು. ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಕೊನೆಗೆ 2019ರ ಜನವರಿಯಲ್ಲಿ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೂ ಉಡಾನ್ ಸಿಕ್ಕಿತು. ಅದೇ ತಿಂಗಳು ಹಾರಾಟ ಶುರು ಮಾಡಿದ ಸ್ಟಾರ್ ಏರ್ ಬೆಳಗಾವಿಯಿಂದ ಹಲವು ಊರುಗಳಿಗೆ ಐವತ್ತು ಆಸನದ ಎಂಬ್ರಾಯರ್ ವಿಮಾನ ಓಡಿಸತೊಡಗಿತು, ಅಂಕಿ ಮತ್ತೆ ಏರಿತು. ಉತ್ತರ ಕರ್ನಾಟಕದ ಎರಡು ನಗರಗಳ ನಡುವೆ ಸುಮ್ಮನೆ ಹಗೆ ಹುಟ್ಟಿಸಿದ್ದು ಒಂದು ಯೋಜನೆಯ ಪಟ್ಟಿ. ಎರಡೂ ಕಡೆಯ ಮುಖಂಡರು ಪರಸ್ಪರ ದೂರುವ ಬದಲು ಆ ಪಟ್ಟಿಯನ್ನು ಓದಿದ್ದರೆ ಸಾಕಿತ್ತು.

ಬೀದರಿನ ಗ್ರಹಚಾರ ಇನ್ನೊಂದು ಬಗೆಯದು. ವಾಯುಪಡೆಯ ನೆಲೆಯಲ್ಲಿ ನಾಗರಿಕ ಟರ್ಮಿನಲ್ ಸಿದ್ಧವಿದ್ದರೂ ವಿಮಾನ ಬಂದಿರಲಿಲ್ಲ. ಹೈದರಾಬಾದ್ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಬೇರೆ ನಿಲ್ದಾಣ ಕೂಡದು ಎಂಬ ಒಪ್ಪಂದ ಅಡ್ಡ ಬಂದಿತ್ತು. ಕೊನೆಗೆ 2020ರ ಫೆಬ್ರುವರಿ 7ರಂದು ಟ್ರೂಜೆಟ್ ಬೆಂಗಳೂರು ಸೇವೆ ಆರಂಭಿಸಿತು. ಏಳು ವಾರ ಕಳೆಯುವ ಮೊದಲೇ ಕೋವಿಡ್ ಬಂದು ದೇಶದ ಎಲ್ಲ ವಿಮಾನಗಳೂ ನೆಲಕ್ಕಿಳಿದವು. 2022ರ ಆರಂಭದಲ್ಲಿ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಬಂತು, 2023ರ ಕೊನೆಗೆ ಸೇವೆ ನಿಂತಿತು, 2025ರಲ್ಲಿ ಮತ್ತೆ ಶುರುವಾಯಿತು. ಹೀಗಿರುವಾಗ ಬೀದರಿನ ಯಾವ ತಿಂಗಳನ್ನು ಯಾವ ತಿಂಗಳಿಗೆ ಹೋಲಿಸುವುದು? ಹಿಂದಿನ ವರ್ಷದ ಖಾನೆಯಲ್ಲಿ ಸೊನ್ನೆ ಇದ್ದರೆ ಶೇಕಡಾವಾರನ್ನು ಲೆಕ್ಕ ಹಾಕಲೂ ಬರುವುದಿಲ್ಲ. 2020ರ ಏಪ್ರಿಲ್‌ನಿಂದಾಗಿ ದೇಶದ ಎಲ್ಲ ನಿಲ್ದಾಣಗಳಿಗೂ ಒಮ್ಮೆ ಇದೇ ಪೇಚಾಟ ಆಗಿತ್ತು. ದೊಡ್ಡ ನಿಲ್ದಾಣಗಳು ಅದನ್ನು ಮರೆತಿವೆ.

ಇವೆಲ್ಲ ಒಂದೆರಡು ಊರಿನ ಕಥೆಯಲ್ಲ ಎಂದು ತೋರಿಸಿದ್ದು ಮಹಾಲೇಖಪಾಲರ 2023ರ ವರದಿ. ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54, ಹಂಚಿದ್ದರ ಶೇ 7. ಸಣ್ಣ ನಿಲ್ದಾಣವೊಂದರ ಪ್ರಯಾಣಿಕರ ಸಂಖ್ಯೆ ಮೂರು ವರ್ಷ ಏರಿ ಆಮೇಲೆ ಧೊಪ್ಪನೆ ಬಿದ್ದರೆ ಮೊದಲು ನೋಡಬೇಕಾದದ್ದು ಉಡಾನ್ ಅವಧಿ ಮುಗಿದ ದಿನಾಂಕವನ್ನು.

ನಮ್ಮ ಸರ್ಕಾರಗಳು ಹೆಚ್ಚು ನೋಡುವುದು ರನ್‌ವೇಯನ್ನು. ಶಿವಮೊಗ್ಗದ ರನ್‌ವೇಯನ್ನು ಮೊದಲು ಎಟಿಆರ್‌ಗಾಗಿ ಯೋಜಿಸಿ, ಕಾಮಗಾರಿಯ ನಡುವೆ ಏರ್‌ಬಸ್‌ಗೆ ಹೊಂದುವಂತೆ 3,200 ಮೀಟರ್‌ಗೆ ಹಿಗ್ಗಿಸಲಾಯಿತು. 2023ರ ಫೆಬ್ರುವರಿಯಲ್ಲಿ ಉದ್ಘಾಟನೆ, ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ. ಬಂದದ್ದು ಬೆಂಗಳೂರಿನಿಂದ ಇಂಡಿಗೋದ ಎಟಿಆರ್! ಕಲಬುರಗಿಯ ರನ್‌ವೇ 3,175 ಮೀಟರ್. ಅಲ್ಲಿ 2019ರ ನವೆಂಬರ್ 22ರಂದು ಸೇವೆ ಆರಂಭಿಸಿದ್ದು ಸ್ಟಾರ್ ಏರ್‌ನ ಐವತ್ತು ಆಸನದ ವಿಮಾನ. ಉದ್ದನೆಯ ರನ್‌ವೇ ಬೇಡವೆಂದಲ್ಲ. ಅದು ಅವಕಾಶ ಕೊಡುತ್ತದೆ, ವಿಮಾನ ಕೊಡುವುದಿಲ್ಲ.

ಸ್ಪರ್ಧಿಗಳೂ ನೆಲದ ಮೇಲೆ ಬಲಿತಿದ್ದಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ, ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್, 2024ರಲ್ಲಿ ಕಲಬುರಗಿಗೆ, 2025ರಲ್ಲಿ ಬೆಳಗಾವಿಗೆ ಅದೇ ರೈಲು. ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಬರಲು ಬೇಕಾಗುವ ಹೊತ್ತನ್ನು ಸೇರಿಸಿಕೊಂಡರೆ ರಾಜಧಾನಿಗಷ್ಟೇ ಹೋಗುವವನಿಗೆ ವಿಮಾನದಿಂದ ಉಳಿಯುವ ಸಮಯ ಅಲ್ಪ. ಸಣ್ಣ ನಿಲ್ದಾಣದ ಬೆಂಗಳೂರು ವಿಮಾನ ತುಂಬುವುದು ಅಲ್ಲಿಂದ ಮುಂದೆ ದೆಹಲಿಗೋ ದುಬೈಗೋ ವಿಮಾನ ಬದಲಿಸುವವರಿಂದ. ಅದಕ್ಕೆ ವೇಳೆ ಹೊಂದಬೇಕು. ಬೆಳಿಗ್ಗೆ ಹೊರಟು ಸಂಜೆ ಮರಳುವ ವ್ಯಾಪಾರಿಗೆ ಮಧ್ಯಾಹ್ನದ ವಿಮಾನ ಇದ್ದೂ ಇಲ್ಲದಂತೆ. ಬೆಳಗಿನ ಮೊದಲ ವಿಮಾನ ಹೊರಡಬೇಕಾದರೆ ಅದು ರಾತ್ರಿ ಅಲ್ಲೇ ತಂಗಬೇಕು. ಅದಕ್ಕೆ ರಾತ್ರಿ ಇಳಿಯುವ ಸೌಲಭ್ಯ, ನಿಲ್ಲಿಸಲು ಜಾಗ, ಸಂಚಾರ ನಿಯಂತ್ರಣ ಸಿಬ್ಬಂದಿಯ ಹೆಚ್ಚುವರಿ ಪಾಳಿ ಬೇಕು.

ಹಾಗಾಗಿ ತಿಂಗಳ ಕೋಷ್ಟಕದಲ್ಲಿ ಪ್ರಯಾಣಿಕರ ಸಾಲನ್ನು ಓದುವವರು ಜೊತೆಗೆ ಪ್ರಕಟವಾಗುವ ವಿಮಾನ ಸಂಚಾರದ, ಅಂದರೆ ವಿಮಾನಗಳು ಎಷ್ಟು ಬಾರಿ ಇಳಿದವು, ಏರಿದವು ಎಂಬ ಪಟ್ಟಿಯನ್ನೂ ಓದಬೇಕು. ಪ್ರಯಾಣಿಕರ ಸಂಖ್ಯೆಯನ್ನು ಸಂಚಾರದ ಸಂಖ್ಯೆಯಿಂದ ಭಾಗಿಸಿದರೆ ಒಂದು ವಿಮಾನದಲ್ಲಿ ಸರಾಸರಿ ಎಷ್ಟು ಜನ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ. ತರಬೇತಿ ವಿಮಾನಗಳು ಹಾರುವ ನಿಲ್ದಾಣಗಳಲ್ಲಿ ಈ ಲೆಕ್ಕ ಕೆಡುತ್ತದೆ, ಅಲ್ಲಿ ಎಚ್ಚರ ಬೇಕು. 78 ಆಸನದ ವಿಮಾನದಲ್ಲಿ ಸರಾಸರಿ 65 ಜನ ಇದ್ದೂ ತಿಂಗಳ ಒಟ್ಟು ಇಳಿದಿದ್ದರೆ ಜನ ಕೈಬಿಟ್ಟಿಲ್ಲ, ಕಂಪನಿ ವಿಮಾನ ಕಡಿಮೆ ಮಾಡಿದೆ. ಹೋಲಿಕೆಯನ್ನು ಹಿಂದಿನ ತಿಂಗಳೊಂದಿಗೆ ಮಾಡುವವರು ಮಾರ್ಚ್ ಕೊನೆಗೆ ಬೇಸಿಗೆಯ, ಅಕ್ಟೋಬರ್ ಕೊನೆಗೆ ಚಳಿಗಾಲದ ವೇಳಾಪಟ್ಟಿ ಬದಲಾಗುವುದನ್ನೂ, ಫೆಬ್ರುವರಿಗೆ ದಿನಗಳೇ ಕಡಿಮೆ ಎಂಬುದನ್ನೂ ಮರೆಯಬಾರದು.

2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಪರಿಷ್ಕೃತ ಉಡಾನ್ ಘೋಷಿಸಿತು: ಹತ್ತು ವರ್ಷದಲ್ಲಿ 120 ಹೊಸ ಊರು, 4 ಕೋಟಿ ಪ್ರಯಾಣಿಕರು. ನಮ್ಮಲ್ಲಿ ವಿಜಯಪುರ, ಹಾಸನ, ರಾಯಚೂರಿನಲ್ಲಿ ನಿಲ್ದಾಣಗಳ ಕೆಲಸ ಕೈಗೆತ್ತಿಕೊಂಡಿದ್ದಾರೆ. ಅವುಗಳ ಹೆಸರೂ ಕೋಷ್ಟಕಕ್ಕೆ ಸೇರಿದಾಗ ಮೊದಲ ತಿಂಗಳ ಅಂಕಿ ಹೇಗೂ ‘ದಾಖಲೆ’ಯೇ ಆಗಿರುತ್ತದೆ. ನೋಡಬೇಕಾದದ್ದು ಮೂವತ್ತೇಳನೆಯ ತಿಂಗಳನ್ನು.