ಜೋಡಿ ಕತ್ತಿಯ ಲೆಕ್ಕಾಚಾರ

ಸಾಂಪ್ರದಾಯಿಕ ಉಡುಪಿನಲ್ಲಿರುವ ಕೊಡವ ಗಂಡಸಿನ ಸೊಂಟದಲ್ಲಿ ಎರಡು ಆಯುಧಗಳಿರುತ್ತವೆ. ಕುಪ್ಯ ಎಂಬ ಉದ್ದನೆಯ ನಿಲುವಂಗಿಯ ಮೇಲೆ ಬಿಗಿದ ಚೇಲೆಯ, ಅಂದರೆ ನಡುಪಟ್ಟಿಯ, ಮುಂಭಾಗದಲ್ಲಿ ಬೆಳ್ಳಿಯ ಕುಸುರಿಯಿರುವ ಪೀಚೆಕತ್ತಿ. ಬೆನ್ನ ಹಿಂದೆ, ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ಒರೆಯಿಲ್ಲದೆಯೇ ಸಿಕ್ಕಿಸಿದ ಒಡಿಕತ್ತಿ. ಮೊದಲನೆಯದು ಮೈಗೆ ಮೈ ತಾಗುವಷ್ಟು ಹತ್ತಿರ ಬಂದವನನ್ನು ತಿವಿಯುವುದಕ್ಕೆ. ಎರಡನೆಯದರ ಅಗಲವಾದ ಅಲಗು ಮುಂದಕ್ಕೆ ಬಾಗಿದ್ದು, ಒಳಬಾಗಿನ ಅಂಚು ಹರಿತವಾಗಿರುತ್ತದೆ. ತೂಕವೆಲ್ಲ ತುದಿಯ ಕಡೆಗೇ ಸೇರಿಕೊಂಡಿರುವುದರಿಂದ, ಮದುವೆಯಲ್ಲಿ ಬಾಳೆ ಕಡಿಯುವಾಗ ದಿಂಡು ಒಂದೇ ಏಟಿಗೆ ಉರುಳುತ್ತದೆ. ಹೀಗೆ ಬೇರೆ ಬೇರೆ ದೂರಕ್ಕೆಂದು ರೂಪುಗೊಂಡ ಎರಡು ಕತ್ತಿಗಳನ್ನು ಎರಡು ಕೈಗಳಲ್ಲಿ ಹಿಡಿದರೆ ಹೋರಾಟಗಾರನ ಬಲ ಇಮ್ಮಡಿಯಾಗುತ್ತದೆಯೇ? ಸಿನಿಮಾಗಳ ಉತ್ತರ ಹೌದೆಂದೇ ಇರುತ್ತದೆ. ಯಂತ್ರಶಾಸ್ತ್ರವೂ ನರವಿಜ್ಞಾನವೂ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಮೊದಲು ಭಾರದ ಲೆಕ್ಕವನ್ನು ನೋಡೋಣ. ಒಂದೇ ದಪ್ಪದ ಕಬ್ಬಿಣದ ಸರಳನ್ನು ಅರ್ಧಕ್ಕೆ ಕತ್ತರಿಸಿದರೆ ಅದರ ತೂಕವೂ ಅರ್ಧವಾಗುತ್ತದೆ. ಆದರೆ ಒಂದು ತುದಿಯಲ್ಲಿ ಹಿಡಿದು ಬೀಸುವಾಗ ಅದು ತಿರುಗುವಿಕೆಗೆ ಒಡ್ಡುವ ಜಡತ್ವ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಈ ಲೆಕ್ಕದಲ್ಲಿ ತೂಕದ ಜೊತೆಗೆ ಉದ್ದದ ವರ್ಗವೂ ಗುಣಿಸಲ್ಪಡುತ್ತದೆ. ದುರ್ಬಲವಾದ ಕೈಗೆ ಗಿಡ್ಡ ಆಯುಧವನ್ನು ಕೊಡುವ ಪದ್ಧತಿ ಇಟಲಿಯಿಂದ ಫಿಲಿಪೀನ್ಸಿನವರೆಗೆ ಕಾಣಿಸುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ನಿಲುವಿಗೆ ಸಂಬಂಧಿಸಿದ್ದು. ಒಂದೇ ಕತ್ತಿಯವನು ಭುಜವನ್ನು ಮುಂದೆ ಚಾಚಿ, ಮೈಯನ್ನು ಓರೆಯಾಗಿಸಿ, ದೂರದಿಂದಲೇ ಎದುರಾಳಿಯನ್ನು ಮುಟ್ಟಬಲ್ಲನು. ಎರಡು ಉದ್ದನೆಯ ಕತ್ತಿಗಳನ್ನು ಒಟ್ಟಿಗೆ ಬಳಸಬೇಕೆಂದರೆ ಎದೆಯನ್ನು ನೇರವಾಗಿ ತೋರಿಸಲೇಬೇಕಾಗುತ್ತದೆ, ಮುಂಗೈಯ ಚಾಚು ಕಡಿಮೆಯಾಗುತ್ತದೆ.

ಪ್ರಾಚೀನ ರೋಮಿನ ಅಖಾಡಗಳಲ್ಲಿ ಎರಡು ಕತ್ತಿ ಹಿಡಿಯುವ ದಿಮಕೇರಸ್ ಎಂಬ ವರ್ಗದ ಗ್ಲಾಡಿಯೇಟರುಗಳಿದ್ದರು. ಅವರ ಬಗ್ಗೆ ಉಳಿದಿರುವ ಪುರಾವೆ ಬಹಳ ಕಡಿಮೆ. ಹದಿನಾರನೇ ಶತಮಾನದ ಇಟಲಿ ಮಾತ್ರ ಈ ವಿಷಯದಲ್ಲಿ ಉದಾರಿ. 1536ರಲ್ಲಿ ಅಕಿಲೆ ಮರೊಝೊ, 1570ರಲ್ಲಿ ಜಾಕೊಮೊ ದಿ ಗ್ರಾಸ್ಸಿ ಪ್ರಕಟಿಸಿದ ಕತ್ತಿವರಸೆಯ ಗ್ರಂಥಗಳಲ್ಲಿ ಜೋಡಿ ಕತ್ತಿಗಳ ಪಾಠಗಳಿವೆ. ಆದರೂ ಬಲಗೈಯಲ್ಲಿ ರೇಪಿಯರ್ ಎಂಬ ಸಪೂರವಾದ ಉದ್ದ ಕತ್ತಿ, ಎಡಗೈಯಲ್ಲಿ ಕಠಾರಿ ಎಂಬ ಜೋಡಿಯೇ ಹೆಚ್ಚು ಬಳಕೆಗೆ ಬಂದಿತು. ಕಠಾರಿಯ ಮುಖ್ಯ ಕೆಲಸ ಎದುರಾಳಿಯ ಅಲಗನ್ನು ಪಕ್ಕಕ್ಕೆ ತಳ್ಳುವುದು. ಅದು ದಾರಿ ತೆರೆದ ಆ ಕ್ಷಣದಲ್ಲಿ ಉದ್ದ ಕತ್ತಿ ಒಳನುಗ್ಗುತ್ತಿತ್ತು.

ಒಂದು ಕೈ ತಡೆಯಬೇಕು, ಇನ್ನೊಂದು ಹೊಡೆಯಬೇಕು ಎಂಬ ಈ ವಿಂಗಡಣೆಯ ಹಿಂದೆ ಮಿದುಳಿನ ಮಿತಿಯೊಂದಿದೆ ಎಂಬುದು ನನ್ನ ಅಭಿಪ್ರಾಯ. ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು, ತೋರುಬೆರಳುಗಳೆರಡನ್ನೂ ಒಟ್ಟಿಗೆ ಬಲಕ್ಕೆ, ಒಟ್ಟಿಗೆ ಎಡಕ್ಕೆ ಆಡಿಸುತ್ತಾ ವೇಗವನ್ನು ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೆರಳುಗಳು ನಿಮ್ಮ ಮಾತು ಕೇಳದೆ, ಕನ್ನಡಿಯ ಪ್ರತಿಬಿಂಬದಂತೆ ಒಂದರತ್ತ ಒಂದು ಬಾಗಿ ಹಿಂದೆ ಸರಿಯತೊಡಗುತ್ತವೆ. ನರವಿಜ್ಞಾನಿ ಸ್ಕಾಟ್ ಕೆಲ್ಸೊ ಪ್ರಯೋಗಗಳಲ್ಲಿ ತೋರಿಸಿದ ಈ ಜಿಗಿತಕ್ಕೆ ಭೌತವಿಜ್ಞಾನಿ ಹರ್ಮನ್ ಹಾಕೆನ್, ಕೆಲ್ಸೊ ಮತ್ತು ಬುನ್ಝ್ 1985ರಲ್ಲಿ ಗಣಿತದ ರೂಪ ಕೊಟ್ಟರು. ಅದಕ್ಕೂ ಮುಂಚೆ, 1979ರಲ್ಲಿ, ಕೆಲ್ಸೊ ಮತ್ತು ಸಂಗಡಿಗರು ಎರಡು ಕೈಗಳಿಗೆ ಬೇರೆ ಬೇರೆ ಗುರಿಗಳನ್ನು, ಒಂದು ಸುಲಭದ್ದನ್ನೂ ಇನ್ನೊಂದು ಕಷ್ಟದ್ದನ್ನೂ, ಕೊಟ್ಟು ನೋಡಿದ್ದರು. ಸುಲಭದ ಗುರಿಯ ಕೈ ಬೇಗ ತಲುಪಬಹುದಿತ್ತು. ಆದರೆ ಅದು ನಿಧಾನಿಸಿ, ಇನ್ನೊಂದು ಕೈಯ ಜೊತೆಗೇ ಗುರಿ ಮುಟ್ಟಿತು. ಮಿದುಳಿನ ಎರಡು ಅರೆಗೋಳಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ಎಂಬ ನರತಂತುಗಳ ಪಟ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿಕೊಂಡಿದ್ದ ರೋಗಿಗಳು ಎರಡು ಕೈಗಳಿಂದ ಏಕಕಾಲಕ್ಕೆ ಬೇರೆ ಬೇರೆ ಆಕೃತಿಗಳನ್ನು ಸರಾಗವಾಗಿ ಬರೆಯಬಲ್ಲರೆಂದು 1996ರ ಒಂದು ಅಧ್ಯಯನ ವರದಿ ಮಾಡಿತು. ನಮ್ಮ ನಿಮ್ಮಂಥವರಲ್ಲಿ ಒಂದು ಕೈಯ ಯೋಜನೆ ಇನ್ನೊಂದಕ್ಕೆ ಸೋರಿಹೋಗುತ್ತದೆ.

ಕೊಡವರ ಸುಗ್ಗಿ ಹಬ್ಬವಾದ ಹುತ್ತರಿಯ ಸಮಯದಲ್ಲಿ ಮಂದ್ ಎಂಬ ಊರಿನ ಬಯಲಿನಲ್ಲಿ ನಿಂತರೆ ಇದರ ಎರಡೂ ಮುಖಗಳು ಕಣ್ಣಿಗೆ ಬೀಳುತ್ತವೆ. ಕೋಲಾಟದವರ ಎರಡು ಕೈಗಳಲ್ಲೂ ಕೋಲುಗಳಿರುತ್ತವೆ. ತಾಳ ಮೊದಲೇ ಗೊತ್ತಿರುವುದರಿಂದ ಮತ್ತು ಎದುರಿನವನು ಅದೇ ತಾಳಕ್ಕೆ ಬದ್ಧನಾಗಿರುವುದರಿಂದ ಎರಡು ಕೈಗಳ ಜೋಡಣೆ ಅಲ್ಲಿ ನೆರವಾಗುತ್ತದೆ. ಪರೆಯಕಳಿ ಎಂಬ ಬೆತ್ತದ ಕಾಳಗದಾಟದಲ್ಲಿ ಹಾಗಲ್ಲ. ಎದುರಾಳಿಯ ಬೆತ್ತ ಯಾವಾಗ ಬೀಳುತ್ತದೆಂದು ತಿಳಿಯದು. ಹೊಡೆತ ಮೊಣಕಾಲಿನ ಕೆಳಗೇ ಬೀಳಬೇಕೆಂಬ ನಿಯಮವಿದ್ದರೂ ಚುರುಕು ಚುರುಕೇ. ಅಲ್ಲಿ ಆಟಗಾರನ ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಗುರಾಣಿಯನ್ನು ಕೊಂಚ ಸರಿಸಿದರೆ ಸಾಕು, ಅದರ ಅಗಲವೇ ಉಳಿದ ತಪ್ಪನ್ನು ಮುಚ್ಚುತ್ತದೆ. ಗಮನದ ದೊಡ್ಡ ಪಾಲು ಬೆತ್ತದ ಕೈಗೆ ಉಳಿಯುತ್ತದೆ.

ಜಪಾನಿನ ಮಿಯಾಮೊಟೊ ಮುಸಾಶಿ ಜೋಡಿ ಕತ್ತಿಗೆ ಹೆಸರಾದವನು. 1645ರ ಸುಮಾರಿಗೆ ಮುಗಿಸಿದ ತನ್ನ ಗ್ರಂಥದಲ್ಲಿ ಅವನು ಕೊಡುವ ಕಾರಣಗಳು ಮಾತ್ರ ಅಚ್ಚರಿಯೆನಿಸುವಷ್ಟು ವ್ಯಾವಹಾರಿಕ: ಎರಡು ಕತ್ತಿಗಳ ಅಭ್ಯಾಸದಿಂದ ಉದ್ದ ಕತ್ತಿಯನ್ನು ಒಂದೇ ಕೈಯಲ್ಲಿ ಆಡಿಸುವುದು ರೂಢಿಯಾಗುತ್ತದೆ, ಮತ್ತು ಸೊಂಟದಲ್ಲಿ ಬಳಸದ ಆಯುಧವನ್ನು ಉಳಿಸಿಕೊಂಡು ಸಾಯುವುದು ಸರಿಯಲ್ಲ.

ಬಂದೂಕಿನ ಕಾಲಕ್ಕೆ ಬಂದರೆ ಎರಡರ ಅರ್ಥವೇ ಬದಲಾಗುತ್ತದೆ. ಚಕಮಕಿ ಕಲ್ಲಿನ ಪಿಸ್ತೂಲಿಗೆ ಒಂದೇ ಗುಂಡು. ಮತ್ತೆ ಮದ್ದು ಸುರಿದು, ಗುಂಡಿಳಿಸಿ, ಸರಳಿನಿಂದ ಜಡಿಯುವಷ್ಟು ಹೊತ್ತು ಎದುರಾಳಿ ಕಾಯುವುದಿಲ್ಲ. ಆದ್ದರಿಂದ ಸವಾರರು ಜೀನಿಗೆ ಜೋಡಿ ಪಿಸ್ತೂಲುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಎರಡನೆಯದು ಮೊದಲನೆಯದರ ನಂತರ ಹಾರಿಸುವುದಕ್ಕೆ. ಸ್ಯಾಮುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ರಿವಾಲ್ವರ್ ಕೂಡ ಈ ಅಗತ್ಯವನ್ನು ಒಮ್ಮೆಲೇ ನೀಗಿಸಲಿಲ್ಲ, ಏಕೆಂದರೆ ಅದರ ಪ್ರತಿಯೊಂದು ಕೋಣೆಗೂ ಮದ್ದನ್ನೂ ಗುಂಡನ್ನೂ ಬಿಡಿಬಿಡಿಯಾಗಿಯೇ ತುಂಬಬೇಕಿತ್ತು. ಲೋಹದ ತೋಟಾಗಳು ಬಂದ ಮೇಲೆಯೇ ಎರಡನೆಯ ಪಿಸ್ತೂಲು ಹೊರೆಯೆನಿಸತೊಡಗಿತು.