ಗ್ರೇನ್ ದಪ್ಪ ಆದ್ರ ಭಟ್ಟಿ ಒಂದಕ್ಕೇ ಬೈಬ್ಯಾಡ್ರಿ

ಅನೀಲ್ ಮಾಡಿದ (ಭಟ್ಟಿಯಾಗ ಕಾಯ್ಸಿ ಮೆತ್ತಗ ಮಾಡಿದ) ಅಲ್ಯೂಮಿನಿಯಮ್ ಶೀಟ್ ಡ್ರಾ ಹೊಡದಾಗ (ಪ್ರೆಸ್ಸಿನಾಗ ಒತ್ತಿ ಪಾತ್ರಿ ಮಾಡಿದಾಗ), ಗ್ರೇನ್ (ಲೋಹದೊಳಗಿನ ಸಣ್ಣ ಹರಳು) ದಪ್ಪಾಗಿ ಪಾತೇಲಿ ಮೈ ತರಿತರಿ ಆದ್ರ, ಇಲ್ಲಾ ಬಾಯಿ ಅಂಚಿಗೆ ನಾಕು ಕಡಿ ಕಿವಿ (ಏರುಪೇರಾದ ಉಬ್ಬು) ಎದ್ರ, ಎಲ್ಲಾರೂ ಮೊದಲು ಭಟ್ಟಿ ಮ್ಯಾಲೇ ಬರ್ತಾರ. ಕಲಬುರಗಿ, ಬೀದರ್ ಕಡಿಯಿಂದ ನನ್ನ ಹತ್ರ ಬರೋ ಜರ್ಮನ್ ಭಾಂಡೆ ಕೆಲಸದೋರು ಕೇಳೋದೂ ಅದೇ, "ಸರ್, ಟೆಂಪರೇಚರ್ ಜಾಸ್ತಿ ಆಗ್ಯದೇನ್ರಿ?" ಅಂತ. ಭಾಂಡೆಗೆ ಬಳಸೋ 3003 ಅನ್ನೋ ಅಲ್ಯೂಮಿನಿಯಮ್ ಅಲಾಯ್ (ಮಿಶ್ರಲೋಹ) ಶೀಟಿನಾಗ ಭಾಳ ಸಲ ಉತ್ತರ ಉಲ್ಟಾ ಇರ್ತದ: ಟೆಂಪರೇಚರ್ ಸರಿ ಅದ, ಕಾಯ್ಸಿದ್ದು ನಿಧಾನ ಆಗ್ಯದ.

ಯಾಕಂದ್ರ 3003ದಾಗ 1ರಿಂದ 1.5 ಪರ್ಸೆಂಟ್ ಮ್ಯಾಂಗನೀಸ್ ಇರ್ತದ. ಕರಗೋ ಹೊತ್ತಿನಾಗ ಅದು ಅಲ್ಯೂಮಿನಿಯಮ್ ಒಳಗ ಕರಗಿ ಕೂತಿರ್ತದ, ತಣ್ಣಗಿದ್ದಾಗ ಅಷ್ಟು ಹಿಡಿಸೋ ಜಾಗ ಇರಲ್ಲ, ಹೊರಗ ಬರಾಕ ದಾರಿ ನೋಡ್ತಿರ್ತದ, ಮತ್ತ ಅದು ಯಾವಾಗ, ಎಷ್ಟು ದೊಡ್ಡ ಕಣ ಆಗಿ ಬರ್ತದ ಅನ್ನೋದರ ಮ್ಯಾಲೇ ನಿಮ್ಮ ಶೀಟಿನ ನಸೀಬು ನಿಂತದ.

ಕೋಲ್ಡ್ ರೋಲಿಂಗ್ ಮಾಡಿದ (ತಣ್ಣಗಿದ್ದಾಗೇ ರೋಲರಿನಾಗ ಒತ್ತಿ ತೆಳು ಮಾಡಿದ) ಶೀಟಿನಾಗ ಡಿಸ್‌ಲೊಕೇಶನ್ ಅಂದ್ರ ಹರಳಿನ ಜೋಡಣೆಯೊಳಗಿನ ಸೊಟ್ಟು, ತುಂಬಿರ್ತಾವ. ಕಾಯ್ಸಿದ್ರ ಹೊಸ ಗ್ರೇನ್ ಹುಟ್ಟಿ ಹಳೇದನ್ನ ತಿಂತಾ ಬೆಳೀತಾವ, ಅದೇ ರೀಕ್ರಿಸ್ಟಲೈಸೇಶನ್. ಎರಕದಾಗೇ ಆದ ಕಬ್ಬಿಣ-ಮ್ಯಾಂಗನೀಸ್ ಕಣ ಒಂದು ಮೈಕ್ರಾನ್‌ಗಿಂತ ದೊಡ್ಡವು ಇದ್ರ ಅವು ನಮಗ ಛಲೋನೇ ಮಾಡ್ತಾವ. ರೋಲ್ ಆಗೋ ಮುಂದ ಮೆತ್ತಗಿನ ಅಲ್ಯೂಮಿನಿಯಮ್ ಆ ಗಟ್ಟಿ ಕಣದ ಸುತ್ತ ತಿರುಚಿಕೊಂಡು ಹೋಗ್ತದ, ಹೊಸ ಗ್ರೇನ್ ಅಲ್ಲೇ ಮೊದಲು ಹುಟ್ತದ. ಇದನ್ನ 1977ರಾಗ ಹಂಫ್ರೀಸ್ ಅನ್ನೋ ಲೋಹ ವಿಜ್ಞಾನಿ ಪೇಪರ್ ಬರದು ತೋರಿಸ್ಯಾರ. ಅಲ್ಲಿ ಹುಟ್ಟಿದ ಗ್ರೇನ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಲ್ಲ, ಹಿಂಗಾಗಿ ಟೆಕ್ಸ್ಚರ್ (ಗ್ರೇನ್ ಎಲ್ಲಾ ಒಂದೇ ದಿಕ್ಕಿಗೆ ಮುಖ ಮಾಡೋದು) ಸಡಿಲ ಆಗ್ತದ, ಗ್ರೇನೂ ಸಣ್ಣ ಬರ್ತದ.

ಸಣ್ಣ ಕಣದ ಸ್ವಭಾವ ಬ್ಯಾರೆ. 0.1 ಮೈಕ್ರಾನ್‌ಗಿಂತ ಸಣ್ಣವು ಒತ್ತೊತ್ತಾಗಿ ಬಿದ್ದಿದ್ರ, ಮುಂದ ಸರಿಯೋ ಗ್ರೇನ್ ಬೌಂಡರಿ (ಎರಡು ಗ್ರೇನ್ ನಡುವಿನ ಗಡಿ) ಜಾಲಿ ಮುಳ್ಳಿಗೆ ಧೋತರ ಸಿಕ್ಕಂಗ ಸಿಕ್ಕೊಂಡು ನಿಂತುಬಿಡ್ತದ. ಇದಕ್ಕ ಝೀನರ್ ಡ್ರ್ಯಾಗ್ ಅಂತಾರ. ಕಣದ ಒಟ್ಟು ಪ್ರಮಾಣ ಅಷ್ಟೇ ಇದ್ರೂ ಸೈಜ್ ಅರ್ಧ ಆದ್ರ ಹಿಡಿತ ಎರಡು ಪಟ್ಟು. ವಿಮಾನಕ್ಕ ಹಾಕೋ 7050 ಅಲಾಯ್‌ದಾಗ 0.1 ಪರ್ಸೆಂಟ್ ಆಜುಬಾಜು ಝಿರ್ಕೋನಿಯಮ್ ಬೇಕಂತಲೇ ಹಾಕ್ತಾರ, ಅಲ್ಲಿ ಹೊಸ ಗ್ರೇನ್ ಹುಟ್ಟದೇ ಇರೋದೇ ಬೇಕಾಗಿರ್ತದ. ಭಾಂಡೆ ಶೀಟಿಗೆ ಅದೇ ಗುಣ ಬಂದ್ರ ಕೆಲಸ ಕೆಡ್ತದ.

ಎಲ್ಲಕ್ಕಿಂತ ತ್ರಾಸಿನ ಮಾತು ಟೈಮಿಂಗ್. ನಿಧಾನ ಕಾಯ್ಸಿದ್ರಿ ಅಂದ್ರ ಹೊಸ ಗ್ರೇನ್ ಹುಟ್ಟೋಕಿಂತ ಮೊದಲೇ, ಇಲ್ಲಾ ಹುಟ್ಟೋ ಹೊತ್ತಿಗೇ, ಮ್ಯಾಂಗನೀಸ್ ಸಣ್ಣ ಸಣ್ಣ ಕಣ ಆಗಿ ಹಳೇ ಸಬ್‌ಗ್ರೇನ್ (ಗ್ರೇನಿನೊಳಗಿನ ಸಣ್ಣ ತುಂಡು) ಬೌಂಡರಿ ಮ್ಯಾಲೇ ಕೂತುಬಿಡ್ತದ. ಹುಟ್ಟಬೇಕಾದ ಎಷ್ಟೋ ಗ್ರೇನ್ ಹುಟ್ಟೋದೇ ಇಲ್ಲ, ತಪ್ಪಿಸಿಕೊಂಡ ಕೆಲವೇ ಕೆಲವು ಉದ್ದಕ್ಕ ಚಪ್ಪಟೆಯಾಗಿ ದಪ್ಪ ಬೆಳೀತಾವ. ಟೆಕ್ಸ್ಚರೂ ಬದಲಾಗ್ತದ, ಮಾಮೂಲಿ ಕ್ಯೂಬ್ ಅನ್ನೋ ಟೆಕ್ಸ್ಚರ್ ಕಮ್ಮಿ ಆಗಿ ಪಿ ಮತ್ತ ತಿರುಗಿದ ಕ್ಯೂಬ್ ಅನ್ನೋ ಬ್ಯಾರೆ ಟೆಕ್ಸ್ಚರ್ ಮ್ಯಾಲ ಬರ್ತಾವ. ಕ್ಯೂಬ್ ಜೋರಿದ್ರ ಕಿವಿ ರೋಲಿಂಗ್ ದಿಕ್ಕಿಗೆ 0 ಮತ್ತ 90 ಡಿಗ್ರಿಗೆ ಏಳ್ತಾವ, ರೋಲಿಂಗ್ ಟೆಕ್ಸ್ಚರ್ ಉಳಕೊಂಡಿದ್ರ 45ಕ್ಕ, ಅದಕ್ಕ ಕಿವಿ ಎದ್ದ ಪಾತೇಲಿ ತಂದ್ರ ನಾನು ರೋಲಿಂಗ್ ದಿಕ್ಕು ಗುರುತು ಹಾಕೀರೇನು ಅಂತ ಮೊದಲು ಕೇಳ್ತೀನಿ, ಆ ಗುರುತು ಇಲ್ಲಂದ್ರ ಅರ್ಧ ಮಾಹಿತಿ ಹೋದಂಗೇ.

ಸರ್ಕಲ್ (ದುಂಡಗ ಕತ್ತರಿಸಿದ ಶೀಟ್) ಒಂದರ ಮ್ಯಾಲ ಒಂದು ಗಡ್ಡಿ ಕಟ್ಟಿ ಭಟ್ಟಿಗೆ ಹಾಕಿದಾಗ ಹೊರಗಿನವು ಲಗೂ ಕಾಯ್ತಾವ, ನಡುವಿನವು ತಡಾ. ಮೀಟರಿನಾಗ 415 ಡಿಗ್ರಿ ತೋರಿಸ್ತಿರ್ತದ, ನಡುವಿನ ಸರ್ಕಲ್ ಇನ್ನೂ 300ರ ಆಸುಪಾಸು ಒದ್ದಾಡ್ತಿರ್ತದ, ಮ್ಯಾಂಗನೀಸಿಗೆ ಅಷ್ಟು ಟೈಮ್ ಸಾಕು. ಥರ್ಮೋಕಪಲ್ (ಟೆಂಪರೇಚರ್ ಅಳೆಯೋ ವೈರ್) ಗಡ್ಡಿ ನಡುವ ಇಡ್ರಿ, ಗಡ್ಡಿ ಸಣ್ಣದು ಮಾಡ್ರಿ, ಇವೆರಡಕ್ಕ ಖರ್ಚೇನೂ ಇಲ್ಲ.

ಎಲ್ಲಾ ತಪ್ಪು ನಿಮ್ಮದೇ ಅಂತಲ್ಲ ಮತ್ತ. ಕರಗಿದ ಲೋಹಾನ ಸೀದಾ ತೆಳು ಪಟ್ಟಿ ಆಗಿ ಎರಕ ಹೊಯ್ಯೋ ಸ್ಟ್ರಿಪ್ ಕಾಸ್ಟರ್‌ದಾಗ ಲಗೂ ತಣ್ಣಗಾದ ಶೀಟಿನಾಗ ಮ್ಯಾಂಗನೀಸ್ ಭಾಳ ಕರಗೇ ಉಳದಿರ್ತದ, ದೊಡ್ಡ ಕಣನೂ ಕಮ್ಮಿ. 600 ಡಿಗ್ರಿ ಹತ್ರ ತಾಸುಗಟ್ಟಲೆ ಹೋಮೊಜೆನೈಸ್ (ಒಳಗೆಲ್ಲಾ ಒಂದೇ ಸಮ) ಮಾಡಿ ನಿಧಾನ ಇಳಿಸಿದ ಮಾಲಿನಾಗ ಅದು ಮೊದಲೇ ಹೊರಗ ಬಂದು ದಪ್ಪ ಕಣ ಆಗಿರ್ತದ. ನಿಮ್ಮ ಶೀಟ್ ಯಾವ ಥರದ್ದು ಅಂತ ಎಡ್ಡಿ ಕರೆಂಟ್ ಕಂಡಕ್ಟಿವಿಟಿ (ಕರೆಂಟ್ ಹರಿಯೋ ಗುಣ) ಮೀಟರ್ ನಿಮಿಷದಾಗ ಹೇಳ್ತದ, ಕರಗಿದ ಮ್ಯಾಂಗನೀಸ್ ಜಾಸ್ತಿ ಇದ್ದಷ್ಟೂ ಕಂಡಕ್ಟಿವಿಟಿ ಕಮ್ಮಿ. ಹೊಸ ಕಾಯಿಲ್ ಬಂದಾಗೊಮ್ಮೆ ರೀಡಿಂಗ್ ಬರದಿಡ್ರಿ, ಛಲೋ ಬಂದ ಕಾಯಿಲ್ ಜೊತಿ ಹೋಲಿಸಾಕ ಬರ್ತದ.

ಮೀಟರ್ ಇಲ್ಲಂದ್ರ ಅದೇ ಶೀಟಿನ ಎರಡು ತುಂಡು ತಗೋರಿ. ಒಂದನ್ನ ಕಾದ ಭಟ್ಟಿಗೆ ಸೀದಾ ಹಾಕ್ರಿ, ಇನ್ನೊಂದನ್ನ ತಣ್ಣನ ಭಟ್ಟಿಯಾಗಿಟ್ಟು ನಿಧಾನ ಏರಿಸ್ರಿ, ಆಮ್ಯಾಗ ಎರಡನ್ನೂ ಎಚ್ ಮಾಡಿಸಿ (ಕೆಮಿಕಲ್ ಹಚ್ಚಿ ಗ್ರೇನ್ ಕಾಣೋಹಂಗ ಮಾಡಿಸಿ) ಗ್ರೇನ್ ನೋಡ್ರಿ. ನಿಧಾನ ಕಾಯ್ಸಿದ್ದು ಒಂದೇ ದಪ್ಪ ಬಂದು ಇನ್ನೊಂದು ಸಣ್ಣ ಇದ್ರ ಮ್ಯಾಂಗನೀಸಿಂದೇ ಆಟ. ಎರಡೂ ದಪ್ಪ ಬಂದ್ರ ಮಾತ್ರ ಅನೀಲಿಂಗ್ ಬಿಟ್ಟು, ಅದರ ಹಿಂದ ಕೋಲ್ಡ್ ರಿಡಕ್ಷನ್ (ಕೋಲ್ಡ್ ರೋಲಿಂಗ್ ಮಾಡಿ ಶೀಟಿನ ದಪ್ಪ ಇಳಿಸಿದ್ದು) ಎಷ್ಟು ಪರ್ಸೆಂಟ್ ಕೊಟ್ಟಾರ ಅಂತ ಮಿಲ್ಲಿನೋರನ್ನ ಕೇಳ್ರಿ.