ಏರ್‌ಟೈಮ್: ಆಫೀಸ್ ವೈಫೈ ನಿಂತಿರುವುದು ಇದರ ಮೇಲೆ

ವೈಫೈನಲ್ಲಿ ಒಂದು ಚಾನೆಲ್ ಮೇಲೆ, ಅಂದರೆ ಒಂದು ರೇಡಿಯೋ ದಾರಿಯ ಮೇಲೆ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಆ ಒಬ್ಬರು ನಿಮ್ಮ ಲ್ಯಾಪ್‌ಟಾಪ್ ಇರಬಹುದು, ಪಕ್ಕದವರ ಫೋನ್ ಇರಬಹುದು, ಸೀಲಿಂಗಿಗೆ ಹೊಡೆದಿರುವ ಬಿಳಿ ಡಬ್ಬಿ, ಅಂದರೆ ಆಕ್ಸೆಸ್ ಪಾಯಿಂಟ್ ಕೂಡ ಇರಬಹುದು. ಉಳಿದವರು ಅಲ್ಲಿಯವರೆಗೆ ಸುಮ್ಮನಿರಬೇಕು. ಹೀಗೆ ಒಂದು ಸಾಧನ ಚಾನೆಲ್ ಹಿಡಿದುಕೊಂಡಿರುವ ಸಮಯಕ್ಕೆ ಏರ್‌ಟೈಮ್ ಅಂತ ಹೆಸರು. ಸೆಕೆಂಡಿಗೆ ಸಿಗುವುದು 1000 ಮಿಲಿಸೆಕೆಂಡ್. ಹತ್ತು ಜನ ಇದ್ದರೂ ಅಷ್ಟೇ, ನೂರು ಜನ ಇದ್ದರೂ ಅಷ್ಟೇ.

"ಸಿಗ್ನಲ್ ಫುಲ್ ಇದೆ, ಆದ್ರೂ ಕಾಲ್ ಕಟ್ ಕಟ್ ಆಗ್ತಿದೆ" ಅನ್ನುವ ದೂರು ಆಫೀಸುಗಳಲ್ಲಿ ದಿನಾ ಕೇಳಿಬರುತ್ತದೆ, ಅಲ್ವಾ? ಎಷ್ಟೋ ಸಲ ಅದರ ಬೇರು ಇಲ್ಲೇ ಇರುತ್ತದೆ. ಪರದೆಯ ಮೇಲಿನ ಗೆರೆಗಳು ಆಕ್ಸೆಸ್ ಪಾಯಿಂಟಿನ ದನಿ ಎಷ್ಟು ಜೋರಾಗಿ ಕೇಳಿಸುತ್ತಿದೆ ಅಂತ ಮಾತ್ರ ಹೇಳುತ್ತವೆ. ನಿಮ್ಮ ಸರದಿ ಯಾವಾಗ ಅಂತ ಹೇಳುವುದಿಲ್ಲ. ಫೈಲ್ ಇಳಿಯುವುದು ಚೂರು ತಡವಾದರೆ ಯಾರೂ ಗಮನಿಸುವುದಿಲ್ಲ. ಕಾಲ್ ಹಾಗಲ್ಲ. ತೀರಾ ತಡವಾಗಿ ಬಂದ ಮಾತಿನ ತುಣುಕನ್ನು ಬಿಟ್ಟೇ ಮುಂದೆ ಹೋಗಬೇಕು.

ಸರದಿ ಕಾಯುವ ಈ ಪದ್ಧತಿಗೆ ಹಿನ್ನೆಲೆ ಇದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ತಂಡದವರು ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಅದೇ ಅಲೋಹಾನೆಟ್. ಅಲ್ಲಿ ಕಳಿಸುವುದಿದ್ದವರು ಸೀದಾ ಕಳಿಸುತ್ತಿದ್ದರು. ಇಬ್ಬರದು ಡಿಕ್ಕಿಯಾದರೆ ಇಬ್ಬರೂ ಮತ್ತೆ ಕಳಿಸಬೇಕು. ಈ ಪದ್ಧತಿಯಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಅಂತ ಲೆಕ್ಕ ತೋರಿಸಿತು. ಮೊದಲು ಕಿವಿಗೊಡು, ಖಾಲಿ ಇದ್ದರೆ ಮಾತಾಡು ಅನ್ನುವ ನಿಯಮ ಆಮೇಲೆ ಬೆಳೆಯಿತು. 1997ರ ಮೊದಲ ವೈಫೈ ಮಾನದಂಡದಿಂದಲೂ ಅದೇ ನಡೆದುಬಂದಿದೆ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. 1500 ಬೈಟ್‌ನ ಒಂದು ಪ್ಯಾಕೆಟ್ (ಡೇಟಾದ ಒಂದು ತುಣುಕು) ಅಂದರೆ 12,000 ಬಿಟ್. ಆಕ್ಸೆಸ್ ಪಾಯಿಂಟಿನ ಕೆಳಗೇ ಕೂತ ಲ್ಯಾಪ್‌ಟಾಪ್ ಅದನ್ನು 300 ಎಂಬಿಪಿಎಸ್ (ಸೆಕೆಂಡಿಗೆ 30 ಕೋಟಿ ಬಿಟ್) ವೇಗದಲ್ಲಿ ಕಳಿಸಿದರೆ 0.04 ಮಿಲಿಸೆಕೆಂಡ್ ಸಾಕು. ದೂರದ ಮೂಲೆಯ ಫೋನ್ 6 ಎಂಬಿಪಿಎಸ್‌ನಲ್ಲಿ ಕಳಿಸಿದರೆ 2 ಮಿಲಿಸೆಕೆಂಡ್ ಬೇಕು. ಕೆಲಸ ಒಂದೇ, ತಿಂದ ಸಮಯ 50 ಪಟ್ಟು. ಮೂಲೆಯಲ್ಲಿ ನಿಧಾನ ಇರುವ ಒಬ್ಬರಿಂದ ಇಡೀ ಫ್ಲೋರ್ ನಿಧಾನವಾಗುವುದು ಹೀಗೆ.

ಬೀಕನ್ ಅನ್ನುವುದು ಇನ್ನೊಂದು. "ನಾನು ಇಲ್ಲಿದ್ದೇನೆ" ಅಂತ ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತದೆ, ಅದೂ ಅನುಮತಿ ಇರುವ ಅತಿ ಕಡಿಮೆ ವೇಗದಲ್ಲಿ. ವೇಗ 1 ಎಂಬಿಪಿಎಸ್ ಆಗಿದ್ದರೆ 250 ಬೈಟ್‌ನ ಬೀಕನ್‌ಗೆ 2 ಮಿಲಿಸೆಕೆಂಡ್‌ಗೂ ಜಾಸ್ತಿ ಬೇಕು. ಸ್ಟಾಫ್, ಗೆಸ್ಟ್, ಪ್ರಿಂಟರ್, ಟಿವಿ, ಟೆಸ್ಟಿಂಗ್ ಅಂತ ಐದು ವೈಫೈ ಹೆಸರು ಇಟ್ಟರೆ ಐದಕ್ಕೂ ಬೇರೆ ಬೇರೆ ಬೀಕನ್. ಯಾರೂ ಇನ್ನೂ ಕೆಲಸ ಶುರು ಮಾಡಿಲ್ಲ, ಆಗಲೇ ಶೇ. 10ರಷ್ಟು ಸಮಯ ಹೋಯಿತು. ಅದೇ ಚಾನೆಲ್‌ನಲ್ಲಿ ಇಂಥ ಮೂರು ಡಬ್ಬಿ ಒಂದಕ್ಕೊಂದು ಕೇಳಿಸುವಂತಿದ್ದರೆ ಶೇ. 30. ಹೆಸರುಗಳನ್ನು ಎರಡು ಮೂರಕ್ಕೆ ಇಳಿಸಿ, ಹಳೆಯ ನಿಧಾನ ವೇಗಗಳನ್ನು ಬಂದ್ ಮಾಡಿದರೆ ಹೀಗೆ ಹೋಗುವ ಸಮಯದಲ್ಲಿ ಬಹುಪಾಲು ಉಳಿತಾಯವಾಗುತ್ತದೆ. ಖರ್ಚು ಏನೂ ಇಲ್ಲ. ಆಫೀಸುಗಳು ಮೊದಲು ಮಾಡಬೇಕಾದ ಕೆಲಸ ಇದೇ ಅಂತ ನನಗೆ ಖಂಡಿತ ಅನಿಸುತ್ತದೆ.

ಹಾಗಾದರೆ ಇನ್ನೊಂದು ನಾಲ್ಕು ಡಬ್ಬಿ ಜಾಸ್ತಿ ಹಾಕಿದರೆ? ಬೇರೆ ಚಾನೆಲ್ ಸಿಕ್ಕರೆ ಮಾತ್ರ ಲಾಭ. ವೈಫೈ ಬಳಸುವ ಹಳೆಯ ರೇಡಿಯೋ ಪಟ್ಟಿ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ನಾಲ್ಕನೆಯ ಡಬ್ಬಿ ಹತ್ತಿರದಲ್ಲೇ ಇದ್ದರೆ ಅದೂ ಹಳೆಯ ಸಾಲಿಗೇ ಬಂದು ನಿಲ್ಲುತ್ತದೆ. ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಮೇಲಿನ ಮಹಡಿ ಒಂದು ಕಂಪನಿಯದು, ಕೆಳಗಿನದು ಇನ್ನೊಂದರದು. ಅವರ ಡಬ್ಬಿಗಳೂ ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ಅದಕ್ಕೇ ಕೆಲಸದ ಸಾಧನಗಳೆಲ್ಲ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ನಲ್ಲಿ ಇರುವುದು ಒಳ್ಳೆಯದು. 2018ರಲ್ಲಿ ಭಾರತ ಸರ್ಕಾರ ಅಲ್ಲಿ 605 ಮೆಗಾಹರ್ಟ್ಸ್ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. 20 ಮೆಗಾಹರ್ಟ್ಸ್ ಅಗಲದಲ್ಲಿ ಕತ್ತರಿಸಿದರೆ ಸುಮಾರು ಎರಡು ಡಜನ್ ಚಾನೆಲ್ ಸಿಗುತ್ತವೆ. ಸ್ಪೀಡ್ ಟೆಸ್ಟ್ ಚೆನ್ನಾಗಿ ಕಾಣಲಿ ಅಂತ 80ಕ್ಕೆ ಅಗಲಿಸಿದರೆ ಉಳಿಯುವುದು ಅರ್ಧ ಡಜನ್. ಮನೆಗೆ 80 ಸರಿ. ಜನ ತುಂಬಿದ ಫ್ಲೋರ್‌ಗೆ 20 ಅಥವಾ 40 ಇಟ್ಟರೆ ಎಲ್ಲರಿಗೂ ಸರದಿ ಬೇಗ ಬರುತ್ತದೆ.

ಪವರ್ ಏರಿಸಿದರೂ ಇದು ಬಗೆಹರಿಯುವುದಿಲ್ಲ. ಡಬ್ಬಿಯ ದನಿ ಫೋನಿಗೆ ಮುಟ್ಟುತ್ತದೆ, ಸಣ್ಣ ಬ್ಯಾಟರಿಯ ಫೋನಿನ ದನಿ ವಾಪಸ್ ಡಬ್ಬಿಗೆ ಮುಟ್ಟುವುದಿಲ್ಲ. ಜೊತೆಗೆ ಜೋರು ದನಿ ದೂರದ ಡಬ್ಬಿಗಳನ್ನೂ ಸುಮ್ಮನಾಗಿಸುತ್ತದೆ. ಕಾರಿಡಾರಿನ ಉದ್ದಕ್ಕೂ ಸಾಲಾಗಿ ಡಬ್ಬಿ ಹಾಕುವುದರಲ್ಲೂ ಇದೇ ತೊಂದರೆ. ಮಧ್ಯೆ ಗೋಡೆ ಇಲ್ಲದ್ದರಿಂದ ಅವು ಒಂದನ್ನೊಂದು ಚೆನ್ನಾಗಿ ಕೇಳಿಸಿಕೊಳ್ಳುತ್ತವೆ. ಜನ ಕೂತಿರುವ ರೂಮಿನ ಒಳಗೇ, ಕಡಿಮೆ ಪವರ್‌ನಲ್ಲಿ ಹಾಕಿದರೆ ಗೋಡೆಗಳೇ ಸಹಾಯಕ್ಕೆ ಬರುತ್ತವೆ.

ವೈಫೈನ ಹೊಸ ಪೀಳಿಗೆಗಳಲ್ಲಿ ಒಂದಾದ ವೈಫೈ 6 ಒಂದೇ ಚಾನೆಲ್‌ನ ಸಮಯವನ್ನು ಹಲವು ಸಾಧನಗಳಿಗೆ ಒಟ್ಟಿಗೆ ಹಂಚಬಲ್ಲದು. ಇದು ದೊಡ್ಡ ಹೆಜ್ಜೆ. ಆದರೆ ಹಳೆಯ ಸಾಧನಗಳಿಗೆ ಆ ವಿದ್ಯೆ ಬರುವುದಿಲ್ಲ, ಅವು ಮೊದಲಿನಂತೆಯೇ ಸರದಿ ಹಿಡಿಯುತ್ತವೆ.

ಜಾಗ ಬಿಟ್ಟು ಕದಲದ ಟಿವಿ, ಪ್ರಿಂಟರ್, ವಿಡಿಯೋ ಕಾನ್ಫರೆನ್ಸ್ ಯಂತ್ರಗಳಿಗೆ ಲ್ಯಾನ್ ಕೇಬಲ್ ಎಳೆಯಿರಿ. ಅವು ತಿನ್ನುತ್ತಿದ್ದ ಸಮಯವೆಲ್ಲ ಓಡಾಡುವ ಸಾಧನಗಳಿಗೆ ಸಿಗುತ್ತದೆ. ಆಮೇಲೆ ನಿಮ್ಮ ವೈಫೈ ಕಂಟ್ರೋಲರಿನಲ್ಲಿ, ಅಂದರೆ ಎಲ್ಲ ಡಬ್ಬಿಗಳನ್ನೂ ನಿಯಂತ್ರಿಸುವ ವ್ಯವಸ್ಥೆಯಲ್ಲಿ, ಚಾನೆಲ್ ಯುಟಿಲೈಸೇಷನ್ ಅನ್ನುವ ಅಂಕಿಯನ್ನು ನೋಡಿ. ಏರ್‌ಟೈಮ್ ಎಷ್ಟು ಖರ್ಚಾಗಿದೆ ಅನ್ನುವುದು ಅದೇ. ಶೇ. 50 ದಾಟಿ ನಿಂತಿದ್ದರೆ ಕಾಲ್‌ಗಳು ತಡವರಿಸುವ ಸಾಧ್ಯತೆ ಜಾಸ್ತಿ. ನೋಡುವುದಾದರೆ ಭಾನುವಾರ ಖಾಲಿ ಆಫೀಸಿನಲ್ಲಿ ಬೇಡ, ಎಲ್ಲ ಮೀಟಿಂಗ್ ರೂಮುಗಳೂ ತುಂಬಿರುವ ಬೆಳಿಗ್ಗೆ 11 ಗಂಟೆಗೆ ನೋಡಿ.